ಹಲ್ಲಿನ ದವಾಖಾನೆಯ ಮಾವಶಿ

ಅವರ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ ನೆರಿಗೆಗಟ್ಟಿರುತ್ತಿದ್ದವು, ಈಗಷ್ಟೇ ನೀರಿನಿಂದ ಎತ್ತಿದ ಹಾಗೆ. ಕೈ ತೊಳೆದಷ್ಟೂ ಅವರಿಗೆ ಸಮಾಧಾನವಿರಲಿಲ್ಲ. ಖಾನಾಪುರದ ಬಸ್ ನಿಲ್ದಾಣದ ಹಿಂದಿನ ಹಲ್ಲಿನ ದವಾಖಾನೆಯಲ್ಲಿ ಡಾಕ್ಟರರ ಪಕ್ಕ ನಿಂತು ಸಲಕರಣೆ ಕೊಡುವುದು, ಅವನ್ನು ಆವಿಯಲ್ಲಿ ಶುದ್ಧ ಮಾಡಿಡುವುದು, ಹೆದರಿದವರನ್ನು ಕುರ್ಚಿಯಲ್ಲಿ ಮಲಗಿಸುವುದು ಎಲ್ಲ ಅವರದೇ. ಮರಾಠಿಯವರು ಚಿಕ್ಕಮ್ಮನನ್ನು ಕರೆಯುವಂತೆ ಊರೆಲ್ಲ ಅವರನ್ನು ‘ಮಾವಶಿ’ ಎನ್ನುತ್ತಿತ್ತು. ಕನ್ನಡದವರಾದ ನಮಗೂ ಅವರು ಮಾವಶಿಯೇ.

ಸಲಕರಣೆಗಳಿಗೆ ಅವರೇ ಹೆಸರಿಟ್ಟಿದ್ದರು. ಬಾಗಿದ ಮೂತಿಯದು ಗಿಳಿ, ಉದ್ದ ಮೂತಿಯದು ಕೊಕ್ಕರೆ. ಡಾಕ್ಟರರೂ ಗಂಭೀರವಾಗಿ, “ಮಾವಶಿ, ಗಿಳಿ ಕೊಡ್ರಿ” ಎನ್ನುತ್ತಿದ್ದರು. ಕುರ್ಚಿಯಲ್ಲಿದ್ದವರು ನಡುಗುವುದನ್ನು ಬಿಟ್ಟು ಗಿಳಿ ಎಲ್ಲಿದೆ ಎಂದು ಹುಡುಕುತ್ತಿದ್ದರು.

ಮಗಳಿಗೆ ಎರಡು ವರ್ಷವಾದಾಗ ನಾನು ಅಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಸೇರಿದೆ. ಸಹಾಯಕಿಯ ಕೋರ್ಸ್ ಮಾಡಿಕೊಂಡರೆ ಮಾವಶಿಯ ನಂತರ ಆ ಜಾಗ ನಿನಗೇ ಎಂದರು ಡಾಕ್ಟರರು. ಮನೆಯಲ್ಲೇ ಕುಳಿತು ಆನ್‌ಲೈನಿನಲ್ಲಿ ಮಾಡಬಹುದಿತ್ತು. ಇಲ್ಲವೇ ಒಂದು ವರ್ಷ ದಿನಾ ಬೆಳಗಾವಿಗೆ ಹೋಗಬೇಕಿತ್ತು.

“ದಿನಾ ಬೆಳಗಾವಿಗೆ ಹೋದ್ರ ಕೂಸಿನ್ನ ಯಾರ ನೋಡಬೇಕು?” ಅಂದರು ಅತ್ತೆ. ಬೆಳಗಾವಿಯ ಆಟೋ ನಗರದ ಗ್ಯಾರೇಜಿನಲ್ಲಿ ದುಡಿಯುವ ನನ್ನ ಗಂಡ ತಾಯಿಯ ಮಾತಿಗೆ ತಲೆಯಾಡಿಸಿದ. ಒಳಗೊಳಗೆ ನನಗೂ ನಿರಾಳವಾಯಿತು. ಒಂದು ವಾರ ಮೊಬೈಲಿನಲ್ಲಿ ಪಾಠ ನೋಡಿ, ಎಲ್ಲ ಬಂತು ಎಂದು ಮಾವಶಿಯ ಮುಂದೆ ಜಂಬ ಕೊಚ್ಚಿಕೊಂಡೆ.

ಪೇಷಂಟುಗಳಿಲ್ಲದ ಒಂದು ಮಧ್ಯಾಹ್ನ ಅವರೇ ಹೋಗಿ ಕುರ್ಚಿಯಲ್ಲಿ ಮಲಗಿ ಬಾಯಿ ತೆರೆದರು. “ಬಾರವಾ, ಕಲತದ್ದ ಮಾಡಿ ತೋರಸ.”

ಜೊಲ್ಲು ಎಳೆಯುವ ನಳಿಗೆಯನ್ನು ಬಾಯಿಗಿಟ್ಟೆ. ಪಚಕ್ಕನೆ ಅದು ಅವರ ನಾಲಿಗೆಯನ್ನೇ ಹಿಡಿದುಕೊಂಡಿತು. ಅವರು “ಆಂ, ಆಂ” ಅನ್ನುತ್ತಿದ್ದರೆ ಗಾಬರಿಯಲ್ಲಿ ನನಗೆ ಗುಂಡಿ ಎಲ್ಲಿದೆಯೆಂಬುದೇ ಮರೆತುಹೋಯಿತು. ಡಾಕ್ಟರರು ಚಹಾದ ಕಪ್ಪಿನ ಸಮೇತ ಓಡಿಬಂದು ಯಂತ್ರ ನಿಲ್ಲಿಸಿದರು. ನಾನು ಅಳುವ ಹಾಗಿದ್ದೆ. ಮಾವಶಿ ಮಾತ್ರ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು.

“ಮೊಬೈಲ್‌ನ್ಯಾಗಿನ ನಾಲಿಗಿ ಸುಮ್ಮ ಬಿದ್ದಿರತೈತಿ. ಖರೇ ನಾಲಿಗಿ ಓಡ್ಯಾಡತೈತಿ. ಹೆಸರು ಗಿಸರು ಮೊಬೈಲ್‌ನ್ಯಾಗ ಕಲಿ. ಕೈ ಮಾತ್ರ ಮಂದಿ ಬಾಯಾಗ ಕಲೀಬೇಕವಾ.”

ಅಂದು ಸಂಜೆಯೇ ನಮ್ಮ ಮನೆಗೆ ಬಂದು ಅತ್ತೆಯ ಎದುರು ಕುಳಿತರು. “ಅಕ್ಕಾರ, ನಿಮ್ಮ ಹಲ್ಲ ಕೀಳೂ ಮುಂದ ಮೊಬೈಲ್ ನೋಡಿ ಕಲತಾಕಿ ಬಾಜುಕ ನಿಂತ್ರ, ನೀವು ಬಾಯಿ ತೆರೀತೀರೇನು?”

ಅತ್ತೆ ತಟ್ಟನೆ ಕೈಯಿಂದ ಬಾಯಿ ಮುಚ್ಚಿಕೊಂಡರು. “ಯವ್ವಾ, ನಾ ಒಲ್ಲೆ!” ಹಾಗೆಂದವರು ತಾವೇ ನಕ್ಕುಬಿಟ್ಟರು. “ಮತ್ತ ಕೂಸು?”

“ಮುಂಜಾನಿ ನೀವ ನೋಡ್ರಿ. ಮಧ್ಯಾಹ್ನ ನನ್ನ ಕಡೆ ಬಿಡ್ರಿ.”

ಹಾಗಾಗಿ ಒಂದು ವರ್ಷ ನಾನು ಬೆಳಗಾವಿಯ ತರಗತಿಯಲ್ಲಿದ್ದೆ, ನನ್ನ ಮಗಳು ಮಧ್ಯಾಹ್ನಗಳನ್ನೆಲ್ಲ ದವಾಖಾನೆಯ ಬೆಂಚಿನ ಮೇಲೆ ಮಾವಶಿಯ ಹಳೆಯ ಸೀರೆ ಹೊದ್ದು ಮಲಗಿ ಕಳೆದಳು.

ಈಗ ಮಾವಶಿ ಕೆಲಸ ಬಿಟ್ಟು ಮಗನ ಮನೆಯಲ್ಲಿದ್ದಾರೆ, ಅವರ ಜಾಗದಲ್ಲಿ ನಾನಿದ್ದೇನೆ. ಅವರ ಋಣ ತೀರುವಂಥದ್ದಲ್ಲ. ಆದರೂ ಒಂದು ದಿನವನ್ನು ನೆನೆದರೆ ಮನಸ್ಸು ಹಗುರಾಗುತ್ತದೆ.

ತರಬೇತಿಯಲ್ಲಿ ಒಂದು ಮಗು ಕುರ್ಚಿಗೆ ಬರಲೊಲ್ಲದೆ ಕಿರುಚುತ್ತಿತ್ತು. ಮಾವಶಿ ಮಾಡುತ್ತಿದ್ದಂತೆ ಅದರ ಅಂಗೈಯಲ್ಲಿ ನನ್ನ ಬೆರಳಿಟ್ಟು, “ನೋವಾದ್ರ ಇದನ್ನ ಜೋರ್ ಹಿಚುಕು” ಅಂದೆ. ಮಗು ಬಾಯಿ ತೆರೆಯಿತು. ಇದನ್ನು ಎಲ್ಲಿ ಕಲಿತೆ ಎಂದು ಕೇಳಿದ ನಮ್ಮ ಪಾಠದ ಮೇಡಂ, ಉತ್ತರ ಕೇಳಿ ಮಾವಶಿಯನ್ನೇ ಒಂದು ದಿನ ತರಗತಿಗೆ ಕರೆಸಿದರು.

ಇಳಕಲ್ ಸೀರೆ ಉಟ್ಟು ಬಂದ ಮಾವಶಿ, ಅಷ್ಟೊಂದು ಹುಡುಗಿಯರನ್ನು ಕಂಡು ಮೊದಲು ಸೆರಗು ತಿರುವುತ್ತ ನಿಂತರು. ಆಮೇಲೆ ತಮ್ಮ ಮುಖ ಮುಟ್ಟಿ ತೋರಿಸುತ್ತ ಮೆಲ್ಲಗೆ ಹೇಳಿದರು: “ಮೊದಲ ಮಾರಿ ನೋಡ್ರಿ, ಆಮ್ಯಾಲೆ ಹಲ್ಲ ನೋಡ್ರಿ.” ಹುಡುಗಿಯರೆಲ್ಲ ತಲೆ ಬಗ್ಗಿಸಿ ಬರೆದುಕೊಂಡರು.

ಖಾನಾಪುರಕ್ಕೆ ಮರಳುವ ಬಸ್ಸಿನಲ್ಲಿ ಅವರು ಟಿಕೆಟನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆಮೇಲೆ ಕೇಳಿದರು: “ನಾ ಹೇಳಿದ್ದ ಖರೇನ ಬರಕೊಂಡ್ರೇನು?”

“ಹೂಂರಿ ಮಾವಶಿ, ಎಲ್ಲಾರೂ.”

ಅವರು ಕಿಟಕಿಯ ಕಡೆ ಮುಖ ತಿರುಗಿಸಿ ನಕ್ಕರು. “ಹುಟ್ಟಿದಾಗಿಂದ ಸಾಲಿ ಮೆಟ್ಟಲ ಹತ್ತಿದ್ದ ಇವತ್ತ ಮೊದಲ ನೋಡವಾ. ಅದೂ ಪಾಠ ಕಲಸಾಕ!”