ಟವೆಲಿನ ಕೆಳಗಿನ ಆಟ

ಯಾರಾದರೂ ತಮಗಾದ ವಿಚಿತ್ರವೊಂದನ್ನು ಹೇಳತೊಡಗಿದರೆ ನಾನು ಅದರಲ್ಲಿ ತೇಪೆ ಎಲ್ಲಿದೆ ಎಂದು ಹುಡುಕುತ್ತಿದ್ದೆ. ಎಲ್ಲಿ ಮರೆತಿದ್ದಾರೆ, ಮರೆತದ್ದನ್ನು ಯಾವ ತುಂಡಿನಿಂದ ಮುಚ್ಚಿದ್ದಾರೆ ಎಂದು. ದೆವ್ವಗಳಿಗಿಂತ ನೆನಪಿನ ಮೇಲೆಯೇ ನನಗೆ ಹೆಚ್ಚು ಸಂಶಯ. ಇದನ್ನೂ ನೀವು ಅದೇ ಸಂಶಯದಿಂದ ಓದಿ.

ನನ್ನ ಅಪ್ಪ ಸೋಲಾಪುರದ ಪೇಟೆಯಲ್ಲಿ ಅಡತ ವ್ಯಾಪಾರಿ. ರೈತರು ತಂದ ಶೇಂಗಾ, ಕಡಲೆಗೆ ಗಿರಾಕಿ ಗೊತ್ತುಮಾಡಿಕೊಡುವ ಕೆಲಸ. ಆಗ ದರವನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಸೌದಾ ಕುದುರಿಸುವಾಗ ಕೊಳ್ಳುವವನೂ ಮಾರುವವನೂ ಒಂದು ಟವೆಲಿನ ಕೆಳಗೆ ಕೈ ಸೇರಿಸಿ, ಬೆರಳು ಒತ್ತಿ ತಿಳಿಸುತ್ತಿದ್ದರು. ಸುತ್ತ ನಿಂತವರಿಗೆ ಟವೆಲು ಅಲುಗುವುದಷ್ಟೇ ಕಾಣುತ್ತಿತ್ತು. ಆ ಅಭ್ಯಾಸದಿಂದಲೋ ಏನೋ, ಅಪ್ಪನ ಮುಖ ಮನೆಯಲ್ಲೂ ಏನನ್ನೂ ಬಿಟ್ಟುಕೊಡುತ್ತಿರಲಿಲ್ಲ. ಅವನು ನಕ್ಕದ್ದು ನನಗೆ ಒಂದೇ ಸಲ ನೆನಪಿದೆ.

ಎಪ್ಪತ್ತರ ದಶಕದ ನಡುಭಾಗ. ಅಕ್ಕಲಕೋಟೆಯಲ್ಲಿ ನನ್ನ ಸೋದರತ್ತೆಯ ಮನೆ, ಮಧ್ಯಾಹ್ನದ ಹೊತ್ತು. ಪಡಸಾಲೆಯಲ್ಲಿ ಅಪ್ಪನ ಪಕ್ಕ ಕುಳಿತಿದ್ದೇನೆ. ಅವನ ಕೈಯಲ್ಲಿ ಅಂಗೈಯಗಲದ ಒಂದು ಯಂತ್ರ. ಅದರ ಬೂದು ಗಾಜಿನೊಳಗೆ ಕಪ್ಪು ಗೊಂಬೆಯೊಂದು ಚೆಂಡುಗಳನ್ನು ಎಸೆದು ಹಿಡಿಯುತ್ತಿದೆ. ಎರಡೂ ಬದಿಗೆ ಒಂದೊಂದು ಗುಂಡಿ. ಒತ್ತಿದರೆ ಗೊಂಬೆಯ ಕೈ ಸರಿಯುತ್ತದೆ. ಚೆಂಡು ಕದಲಿದಾಗಲೆಲ್ಲ ಟಿಕ್ ಟಿಕ್ ಸದ್ದು. ಒಳಗಿನಿಂದ ಅತ್ತೆ ಅದನ್ನು ನಿಲ್ಲಿಸು ಎಂದು ಕೂಗುತ್ತಾಳೆ. ಅಪ್ಪ ಯಂತ್ರದ ಹಿಂಬದಿಯಲ್ಲಿ ಏನನ್ನೋ ಸರಿಸುತ್ತಾನೆ, ಸದ್ದು ನಿಲ್ಲುತ್ತದೆ. ಆಮೇಲೆ ಹೆಗಲ ಟವೆಲನ್ನು ಕೈಗಳ ಮೇಲೆ ಹಾಕಿಕೊಂಡು, ನೋಡದೆ, ಕೇಳದೆ, ಬರಿಯ ಬೆರಳಿನಲ್ಲಿ ಆಡುತ್ತಾನೆ. ಆಡುತ್ತ ನಗುತ್ತಾನೆ.

ಆಮೇಲೆ ಅವನು ಬಹಳ ದಿನ ಬದುಕಲಿಲ್ಲ.

ಎಷ್ಟೋ ವರ್ಷಗಳ ನಂತರ, ಪುಣೆಯಲ್ಲಿರುವ ತಂಗಿಯ ಮಗಳು ಜಪಾನಿಗೆ ಹೋಗಿ ಬಂದವಳು ಒಂದು ಆಟಿಕೆ ತೋರಿಸಿದಳು. ಅದೇ ಗೊಂಬೆ, ಅದೇ ಚೆಂಡುಗಳು. ನಿಮ್ಮ ಅಜ್ಜನ ಹತ್ತಿರ ಇಂಥದು ಇತ್ತು ಎಂದೆ.

ಅವಳು ನಕ್ಕುಬಿಟ್ಟಳು. "ಹ್ಯಾಂಗ ಇರ್ತದ ಮಾಮಾ? ಇದು ಮೊದಲ ಬಂದದ್ದ ಎಂಬತ್ತರಾಗ. ಅಜ್ಜಾ ಅದಕ್ಕಿಂತ ಮೊದಲ ಹೋಗ್ಯಾನಲ್ಲ! ಇದಂತೂ ಈಗಿನದು, ಹಳೇದನ್ನ ನೋಡಿ ಮತ್ತ ಮಾಡ್ಯಾರ. ಹಿಂದ ಆವಾಜ್ ಬಂದ್ ಮಾಡೂ ಖಟಕಾ ಐತಿ ನೋಡು, ಇದು ಹಳೇದಕ್ಕ ಇದ್ದಿದ್ದ ಇಲ್ಲ."

ಹಾಗಾದರೆ ಎಲ್ಲೋ ಯಾರ ಬಳಿಯೋ ಕಂಡ ಆಟಿಕೆಯನ್ನು ನಾನು ಸತ್ತ ಅಪ್ಪನ ಕೈಗೆ ಕೊಟ್ಟಿದ್ದೆ. ಇದನ್ನು ಒಪ್ಪುವುದು ನನ್ನಂಥವನಿಗೆ ಕಷ್ಟವಾಗಬಾರದಿತ್ತು. ಆದರೆ ಆಟಿಕೆ ಸುಳ್ಳಾದರೆ ನಗುವೂ ಸುಳ್ಳು. ಅಪ್ಪ ಒಮ್ಮೆಯೂ ನಗದೆ ಹೋದ ಮನುಷ್ಯನಾಗಿ ಉಳಿಯುತ್ತಾನೆ. ಅದು ನನ್ನಿಂದ ಆಗಲಿಲ್ಲ.

ಅವಳಿಂದ ಆಟಿಕೆಯನ್ನು ಕೇಳಿ ಪಡೆದು ಅಕ್ಕಲಕೋಟೆಗೆ ಹೋದೆ. ಅತ್ತೆಗೆ ವಯಸ್ಸಾಗಿತ್ತು, ನಾಲಿಗೆ ಮಾತ್ರ ಮೊದಲಿನಷ್ಟೇ ಚುರುಕು. ಆಟಿಕೆಯನ್ನು ಕೈಚೀಲದಲ್ಲೇ ಬಚ್ಚಿಟ್ಟಿದ್ದೆ. ಅವಳ ಬಾಯಿಗೆ ನಾನೇ ಮಾತು ತುರುಕಬಾರದೆಂದು. ಅಪ್ಪ ಈ ಮನೆಯಲ್ಲಿ ಯಾವಾಗಲಾದರೂ ನಕ್ಕಿದ್ದನೇ ಎಂದಷ್ಟೇ ಕೇಳಿದೆ.

"ಒಮ್ಮೆ ನಕ್ಕಿದ್ದ ಖರೆ," ಎಂದಳು ಅತ್ತೆ. "ಇಲ್ಲೇ ಕುಂತಿದ್ದ. ಟವಲ್ ಒಳಗ ಕೈ ಹಾಕ್ಕೊಂಡು ತನ್ನಷ್ಟಕ್ಕ ತಾನ ನಗಾಕತ್ತಿದ್ದ. ಎದರಿಗೆ ಯಾರೂ ಇಲ್ಲ, ಯಾರ ಕೂಡ ಸೌದಾ ನಡಸೀಯೋ ಯಣ್ಣಾ ಅಂದ್ನಿ. ಏನೋ ಟಿಕ್ ಟಿಕ್ ಅಂತಿತ್ತು. ನೈವೇದ್ಯ ಹಿಡೀಬೇಕು, ಅದನ್ನ ಬಂದ್ ಮಾಡು ಅಂತ ಬೈದೆ. ಬಂದ್ ಆತು."

"ಕೈಯಾಗ ಏನಿತ್ತು ಅತ್ತಿ?"

"ನನಗೇನ ಗೊತ್ತು? ಸೌದಾದ ಟವಲ್ ಯಾರರ ಎತ್ತಿ ನೋಡ್ತಾರೇನೋ ಹುಚ್ಚಾ? ಅಡತ್ಯಾನ ಮಗಾ ಆಗಿ ಇಷ್ಟೂ ತಿಳೀಲಿಲ್ಲ ನಿನಗ!"

ಅಷ್ಟಕ್ಕೇ ಎದ್ದು ಬಂದಿದ್ದರೆ ಚೆನ್ನಾಗಿತ್ತು. "ನಾ ಅವನ ಬಾಜೂಕ ಕುಂತಿದ್ನಲ್ಲ?" ಎಂದು ಕೇಳಿಬಿಟ್ಟೆ.

ಅತ್ತೆ ನನ್ನನ್ನು ದಿಟ್ಟಿಸಿ ನೋಡಿದಳು. "ನೀ ಎಲ್ಲಿ ಬಂದಿದ್ದಿ? ಜ್ವರದಾಗ ಮೈಮ್ಯಾಲಿನ ಎಚ್ಚರ ಇಲ್ಲದ ಸೋಲಾಪುರದಾಗ ಮಲಗಿದ್ದಿ. ನಿನ್ನ ಸಲುವಾಗಿ ಹರಕಿ ಹೊರಾಕ ಅಂವಾ ಒಬ್ಬಾಂವ ಬಂದಿದ್ದ. ಮೂರು ದಿನ ಆಗಿತ್ತು, ಅಂವಾ ಬಾಯಾಗ ನೀರ ಹಾಕಿದ್ದಿಲ್ಲ. ಅಂಥಾದ್ರಾಗ ನಗಾಕತ್ತಾನಲ್ಲ ಅಂತ ನನಗ ಅಂಜಿಕಿ ಬಂದಿತ್ತು. ಸಂಜೀಕ ನಿರೋಪ ಬಂತು, ನಿನ್ನ ಜ್ವರ ಬಿಟ್ಟದ ಅಂತ."

ಕೈಚೀಲದಿಂದ ಆಟಿಕೆಯನ್ನು ನಾನು ಹೊರಗೆ ತೆಗೆಯಲಿಲ್ಲ.

ಹಿಂದೆಂದೋ ನಾನೇ ಇದನ್ನು ಅತ್ತೆಗೆ ಹೇಳಿ, ಅದೇ ಅವಳ ನೆನಪಾಗಿ ತಿರುಗಿ ಬಂತೇ? ಹಾಗಿದ್ದರೆ ಅವಳು ನನ್ನನ್ನೇಕೆ ಆ ಪಡಸಾಲೆಯಿಂದ ಎಬ್ಬಿಸಿ ಕಳಿಸಬೇಕು? ಜ್ವರದಲ್ಲಿ ಕಂಡದ್ದೆಂದುಕೊಂಡರೆ, ಆಗಿನ್ನೂ ಯಾರೂ ತಯಾರಿಸದ ವಸ್ತು ನನಗೆ ಹೇಗೆ ಕಂಡಿತು? ಯಾವ ಉತ್ತರವೂ ಒಂದು ದಿನಕ್ಕಿಂತ ಹೆಚ್ಚು ನಿಲ್ಲುವುದಿಲ್ಲ. ಅಪ್ಪ ನಕ್ಕಿದ್ದ, ಅಷ್ಟು ನಿಜ. ಅವನ ಪಕ್ಕದಲ್ಲಿ ಕುಳಿತು ಅದನ್ನು ನೋಡಿದವನು ಯಾರೆಂದು ಮಾತ್ರ ನನಗೆ ಗೊತ್ತಿಲ್ಲ.