ಕಂಬದ ಮೇಡಂ
ಫುಟ್‌ಬಾಲ್ ಲೀಗಿನ ಮುಖ್ಯಸ್ಥೆ ಎಂದರೆ ಗಾಜಿನ ಕೋಣೆಯಲ್ಲಿ ಕಾಫಿ ಹೀರುತ್ತಾ ಕೂರುವವರು ಎಂದುಕೊಂಡವರು ಈ 'ಕಂಬದ ಮೇಡಂ' ಅವರನ್ನು ನೋಡಿಲ್ಲ. ಯಾವ ಕ್ರೀಡಾಂಗಣಕ್ಕೆ ಹೋದರೂ ಕೊಟ್ಟ ಹೂಗುಚ್ಛವನ್ನು ಪಕ್ಕಕ್ಕಿಟ್ಟು, ಕುಂಟುವ ಕಾಲೆಳೆದುಕೊಂಡು ಮೆಟ್ಟಿಲು ಹತ್ತಿ, ಇದ್ದುದರಲ್ಲೇ ಕೆಟ್ಟ ಸೀಟು ಹುಡುಕಿ ಕೂರುತ್ತಾರೆ. ಗೋಲು ಕಾಣದಂತೆ ಚಾವಣಿಯ ಕಂಬ ಅಡ್ಡ ಬಂತೋ, ಆ ಸೀಟಿಗೆ ಸೀಮೆಸುಣ್ಣದಲ್ಲಿ ಕಾಟು ಹಾಕಿಯೇ ಏಳುವುದು. ಇನ್ನು ಅದನ್ನು ಮಾರುವಂತಿಲ್ಲ. ಮಾಲೀಕರು, "ನಾಲ್ಕು ಸೀಟು ತಾನೇ ಮೇಡಂ, ನೋಡಿಯೂ ನೋಡದ ಹಾಗೆ ಇದ್ಬಿಡಿ" ಎಂದು ಹಲ್ಲು ಗಿಂಜಿದರೆ, "ನಿಮ್ಮ ಮನೆಯವರನ್ನ ಇಲ್ಲಿ ಕೂರಿಸಿ, ಪೂರ್ತಿ ಆಟ ನೋಡ್ಲಿ. ಆಮೇಲೆ ಮಾತಾಡೋಣ" ಎನ್ನುತ್ತಾರೆ. ಈ ಹಟಕ್ಕೆ ಎರಡು ಸಲ ಅವರ ಕುರ್ಚಿ ಅಲುಗಾಡಿದೆ, ಅವರು ಅಲುಗಾಡಿಲ್ಲ. ಟಿಕೆಟ್ ಹರಿಯುವ ಕೆಲಸದಿಂದ ಸೀಟಿನ ನಕ್ಷೆ ಬರೆಯುವುದಕ್ಕೆ, ಅಲ್ಲಿಂದ ಪಂದ್ಯಗಳ ವೇಳಾಪಟ್ಟಿಗೆ, ಅಲ್ಲಿಂದ ಈ ಕುರ್ಚಿಗೆ ಬರಲು ಇಪ್ಪತ್ತೆಂಟು ವರ್ಷ ಹಿಡಿಯಿತು. ಅದಕ್ಕೂ ಮೊದಲು ಅವರು ಆಟಗಾರ್ತಿ. ಒಂದೇ ಒಂದು ದೊಡ್ಡ ಪಂದ್ಯ ಆಡಿ, ಒಂದೇ ಒಂದು ಗೋಲು ಹೊಡೆದು, ಮಂಡಿ ಮುರಿದುಕೊಂಡವರು. ಅಂದು ಅಮ್ಮ, "ನಿನ್ನ ಗೋಲು ನೋಡಿ ಕಣ್ಣು ತಂಪಾಯ್ತು ಕಣೆ" ಎಂದಿದ್ದರು. ಮರುವರ್ಷ ಅದೇ ಕ್ರೀಡಾಂಗಣದ ಬಾಗಿಲಲ್ಲಿ ಕೆಲಸಕ್ಕೆ ನಿಂತ ಮಗಳು, ಅಮ್ಮ ಜೋಪಾನವಾಗಿ ಎತ್ತಿಟ್ಟಿದ್ದ ಟಿಕೆಟ್ಟಿನ ನಂಬರು ಹಿಡಿದು ಆ ಸೀಟಿನಲ್ಲಿ ಕೂತು ನೋಡಿದರು. ಎದುರಿಗೆ ಬರೀ ಕಂಬ. ಆ ವಿಷಯವನ್ನು ಅಮ್ಮನ ಹತ್ತಿರ ಎಂದೂ ಎತ್ತಿಲ್ಲ; ಇವತ್ತಿಗೂ ಅಮ್ಮ ಆ ಗೋಲನ್ನು ಬಣ್ಣಿಸಲು ಶುರುಮಾಡಿದರೆ, ಕೈಕಟ್ಟಿ ಕೂತು ಪೂರ್ತಿ ಕೇಳುತ್ತಾರೆ.