ಎರಡು ಹಾರ್ನಿಗೆ ಒಂದು ಕೈ

ಅಪ್ಪನ ಕಾರಿಗೆ ಗೇರು ಇರುವುದು ಸ್ಟೀರಿಂಗಿನ ಪಕ್ಕದಲ್ಲಿ. ಮೂತಿ ಗುಂಡು, ಬಾಗಿಲು ಹಾಕಿದರೆ ಟ್ರಂಕಿನ ಮುಚ್ಚಳ ಬಿದ್ದಂತೆ ಸದ್ದು. ಆ ತರದ ಕಾರು ಈಗ ನಮ್ಮ ಕೊಟ್ಟೂರು, ಕೂಡ್ಲಿಗಿ, ಹಡಗಲಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಎಲ್ಲ ಸೇರಿಸಿದರೂ ಆರೋ ಏಳೋ ಉಳಿದಿರಬೇಕು. ಅವನ್ನು ಇಟ್ಟುಕೊಂಡವರು ಒಬ್ಬರಿಗೊಬ್ಬರು ನೆಂಟರಲ್ಲ. ಆದರೆ ರಸ್ತೆಯಲ್ಲಿ ಎದುರಾದರೆ ಕೈ ಎತ್ತಲೇಬೇಕು, ಮೊಣಕೈವರೆಗೆ ಕಿಟಕಿಯಿಂದ ಹೊರಗೆ, ಅಂಗೈ ಬಿಚ್ಚಿ. ಅಪ್ಪ ಡ್ರಿಲ್ ಮಾಸ್ತರಾಗಿ ನಿವೃತ್ತನಾದವನು. ಅವನು ಕೈ ಎತ್ತಿದರೆ ಎದುರಿನವರು ಸೀಟಿನಲ್ಲೇ ನೆಟ್ಟಗಾಗುತ್ತಿದ್ದರು.

"ನಮ್ಮ ಗಾಡಿ ಕಂಡೂ ಕೈ ಎತ್ತಲಾರದವ ಗಾಡಿ ಇಟ್ಕೊಬಾರದು" ಎನ್ನುವುದು ಅವನ ಕಾನೂನು.

ನಾನು ಹುಟ್ಟಾ ಪುಕ್ಕಲಿ. ಗ್ಯಾಸ್ ಹೊತ್ತಿಸುವಾಗಲೂ ಮುಖ ಆಚೆ ತಿರುಗಿಸುವವಳು. ಶಾಲೆಯಲ್ಲಿ ಟೀಚರಾಗಿ ಇಪ್ಪತ್ತು ವರ್ಷವಾದರೂ ಸ್ಕೂಟಿ ಕೂಡ ಕಲಿಯಲಿಲ್ಲ. ಹೆದರಿಕೆ ಇಲ್ಲದೆ ಕೂರುತ್ತಿದ್ದ ಜಾಗ ಒಂದೇ, ಅಪ್ಪನ ಎಡಗಡೆಯ ಸೀಟು. ಕಾರು ಊರು ದಾಟುವಷ್ಟರಲ್ಲಿ ನನಗೆ ನಿದ್ದೆ ಬಂದುಬಿಡುತ್ತಿತ್ತು.

ಒಂದು ವರ್ಷದಿಂದ ಆ ಹಳೆ ಕಾರಿನವರೆಲ್ಲ ಹೊಸದೊಂದು ರೂಢಿ ಮಾಡಿಕೊಂಡಿದ್ದರು. ನಮ್ಮ ಕಾರು ದೂರದಲ್ಲಿ ಕಂಡೊಡನೆ ಎರಡು ಸಲ ಹಾರ್ನ್ ಹೊಡೆದು, ರಸ್ತೆ ಬಿಟ್ಟು ಬದಿಗೆ ನಿಲ್ಲುತ್ತಿದ್ದರು. ಅಪ್ಪ ಕೈ ಎತ್ತಿಕೊಂಡು ಹಾಯ್ದು ಹೋಗುತ್ತಿದ್ದ. ಹಿರಿಯರಿಗೆ ಮರ್ಯಾದೆ ಕೊಡುತ್ತಾರೆ ಎಂದುಕೊಂಡು ನಾನು ಒಳಗೊಳಗೇ ಉಬ್ಬುತ್ತಿದ್ದೆ. ಎಂಥ ಪೆದ್ದಿ ನಾನು.

ಆವತ್ತು ಭಾನುವಾರ. ಉಚ್ಚಂಗಿದುರ್ಗದಲ್ಲಿರುವ ಸೋದರತ್ತೆಯನ್ನು ನೋಡಲು ಹೊರಟಿದ್ದೆವು. ಮೆಕ್ಕೆಜೋಳದ ಸುಗ್ಗಿ. ಹರಪನಹಳ್ಳಿ ದಾಟಿದ ಮೇಲೆ ಅಲ್ಲಲ್ಲಿ ಅರ್ಧ ರಸ್ತೆಗೆ ಕಾಳು ಹರವಿ, ಸುತ್ತ ಕಲ್ಲು ಇಟ್ಟಿದ್ದರು. ಅಲ್ಲಿ ಎದುರುಗಡೆ ಬದಿಯಲ್ಲಿ ನಮ್ಮಂಥದೇ ಬಿಳಿ ಕಾರು ನಿಂತಿತ್ತು. ಹಡಗಲಿಯ ಬಟ್ಟೆ ಅಂಗಡಿಯವರದು. ಅವರು ಬಾನೆಟ್ ಎತ್ತಿ ಏನೋ ವೈರು ಹಿಡಿದು ನಿಂತಿದ್ದರು. ನಮ್ಮನ್ನು ಕಂಡು ಎರಡೂ ಕೈ ಎತ್ತಿದರು. ಅಪ್ಪ ಕೈ ಎತ್ತಲಿಲ್ಲ. ತಲೆಯನ್ನೂ ತಿರುಗಿಸಲಿಲ್ಲ.

"ಅಪ್ಪಾ, ಹಡಗಲಿಯವ್ರು ನಿಂತಿದ್ರಲ್ಲ, ಕೈ ಯಾಕ ಎತ್ತಲಿಲ್ಲ?"

"ಎಲ್ಲಿ?" ಎಂದ. ಆಮೇಲೆ ನಿಧಾನಕ್ಕೆ, "ಹಾರ್ನ್ ಹೊಡೀಲಿಲ್ಲಲ್ಲ ಅವ್ರು" ಎಂದ.

ಅಷ್ಟು ದೊಡ್ಡ ಬಿಳಿ ಕಾರು, ಹತ್ತು ಮಾರು ದೂರ, ಹಾಡುಹಗಲು. ಎದುರಿಗೆ ಒಂದು ಲಾರಿ ಬರುತ್ತಿತ್ತು. ಸುಮ್ಮನೆ ಕೇಳುವವಳಂತೆ ಕೇಳಿದೆ: "ಆ ಲಾರಿ ಬಣ್ಣ ಎಷ್ಟ್ ಚಂದ ಐತಲ್ಲ. ಯಾವ ಬಣ್ಣ ಅಂತಾರ ಅದಕ್ಕ?"

"ಲಾರಿ ಬಣ್ಣ ತಗೊಂಡು ಏನ್ಮಾಡ್ತಿ, ಸುಮ್ನ ಕುಂದ್ರು."

ಅಪ್ಪನಿಗೆ ಕಣ್ಣು ಕಾಣುತ್ತಿಲ್ಲ. ಕಾರು ಓಡುತ್ತಿದೆ, ನನಗೆ ಓಡಿಸಲು ಬರುವುದಿಲ್ಲ. ಕೂಗಿದರೆ ಗಾಬರಿಯಾಗಿ ಎತ್ತ ತಿರುಗಿಸುತ್ತಾನೋ. ಹರಟೆ ಹೊಡೆಯುವವಳಂತೆ ಶುರು ಮಾಡಿದೆ. "ಮುಂದ ಎಮ್ಮಿ ಬರಾಕತ್ಯಾವ ನೋಡು, ಬಲಕ್ಕ ತಗೊ. ಬೈಕಿನವ ಅದಾನ, ಸಾವಕಾಶ." ನಾನು ಹೇಳಿದಂತೆ ಅವನು ತಿರುಗಿಸಿದ. ಯಾಕೆ ಹೇಳುತ್ತಿದ್ದೀ ಎಂದು ಒಂದು ಸಲವೂ ಕೇಳಲಿಲ್ಲ. ಅದೇ ನನ್ನ ಜೀವ ತಿಂದಿತು.

"ಅಪ್ಪಾ, ವಾಂತಿ ಬರಾಕತ್ತೈತಿ, ನಿಲ್ಲಸು" ಎಂದೆ.

"ಮುಂದ ಗಿಡದ ನೆರಳಾಗ ನಿಲ್ಲಸ್ತೀನಿ ತಡಿ."

ತಿರುವು ದಾಟಿತು. ನಮ್ಮ ಬದಿಯಲ್ಲೇ ಕಾಳು ಹರವಿತ್ತು. ಅದರ ನಡುವೆ ಒಬ್ಬ ಮುದುಕಿ ನಮಗೆ ಬೆನ್ನು ಮಾಡಿ ಕೂತು ಮೊರದಲ್ಲಿ ಕಾಳು ಹಸನು ಮಾಡುತ್ತಿದ್ದಳು. ಮಣ್ಣಿನ ಬಣ್ಣದ ಸೀರೆ. ಕಾರು ನೆಟ್ಟಗೆ ಅವಳ ಮೇಲೇ ಹೊರಟಿತ್ತು. ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದು ಅಪ್ಪನ ಕಡೆ ಎಳೆದೆ. ಚಕ್ರದ ಕೆಳಗೆ ಕಲ್ಲು ಸಿಡಿದವು, ಕಾಳು ಗಾಜಿಗೆ ಬಡಿಯಿತು, ಅಪ್ಪ ಬ್ರೇಕಿನ ಮೇಲೆ ನಿಂತುಬಿಟ್ಟ. ಕಾರು ಬಲಗಡೆಯ ಚರಂಡಿಯ ಅಂಚಿನಲ್ಲಿ ನಿಂತಿತು.

ಇಳಿದು ನೋಡಿದೆ. ಮುದುಕಿ ಎದ್ದು ನಿಂತಿದ್ದಳು. ಮೊರ ನಮ್ಮ ಚಕ್ರಕ್ಕೆ ಸಿಕ್ಕು ಅಪ್ಪಚ್ಚಿಯಾಗಿತ್ತು. ಅವಳು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ತನ್ನ ಕಾಲು ಎರಡನ್ನೂ ಒಂದೊಂದಾಗಿ ಮುಟ್ಟಿ ನೋಡಿಕೊಳ್ಳುತ್ತಿದ್ದಳು.

ಬಿಳಿ ಕಾರು ನಮ್ಮ ಹಿಂದೆಯೇ ಬಂತು. ಅಂಗಡಿಯವರು ಮಸಿ ಮೆತ್ತಿದ ಕೈಯಲ್ಲೇ ಓಡಿ ಬಂದರು.

"ಹಾರ್ನ್ ಕೆಟ್ಟಿತ್ರಿ ಮೇಡಮ್ಮರ. ಮಾಸ್ತರು ಕೈ ಎತ್ತಲಿಲ್ಲಲ್ಲ, ಎದಿ ಧಸಕ್ ಅಂತು, ವೈರು ಹಂಗ ಬಿಟ್ಟು ಬೆನ್ನ ಹತ್ತಿದೆ."

"ನಿಮಗ ಗೊತ್ತಿತ್ತೇನ್ರಿ?"

ಅವರು ನೆಲ ನೋಡಿದರು. "ನಮಗೆಲ್ಲಾರ್ಗೂ ಗೊತ್ತೈತ್ರಿ. ಅದಕ್ಕ ಹಾರ್ನ್ ಹೊಡದು ಬದಿಗಾಗ್ತಿದ್ವಿ. ಕೈ ಎತ್ತಿದ್ರ, ಕೇಳಿಸೈತಿ ಅಂತ ನಮಗ ಸಮಾಧಾನ. ಎಷ್ಟೋ ಸಲ ಬ್ಯಾಡ್ರಿ ಅಂದೀವಿ. ಮಗಳಿಗೆ ಹೇಳಿದ್ರ ನನ್ನ ಹೆಣ ನೋಡ್ತೀರಿ ಅಂತ ಆಣಿ ಹಾಕಿದ್ರು."

ಆರೇಳು ಮಂದಿ ಬದಿಗೆ ಸರಿದರೆ ಸಾಕೇ? ಈ ಮುದುಕಿಗೆ ಯಾರು ಹಾರ್ನ್ ಕೊಟ್ಟಿದ್ದರು? ನನಗೆ ಕಂಡಾಪಟ್ಟೆ ಸಿಟ್ಟು ಬಂತು. ಬಾಗಿಲು ತೆಗೆದು ಅಪ್ಪನ ಮುಂದೆ ನಿಂತೆ.

"ಏನೇನು ಕಾಣತೈತಿ ನಿನಗ, ಖರೇ ಹೇಳು."

"ದೊಡ್ಡವು ಮಬ್ಬಮಬ್ಬಾಗಿ ಕಾಣ್ತಾವು" ಎಂದ ಅಪ್ಪ. "ಸಣ್ಣವು ಕಾಣಂಗಿಲ್ಲ."

"ಅಲ್ಲಿ ಒಬ್ಬಾಕಿ ಕುಂತಿದ್ಲು."

ಅವನು ಕೀಲಿ ತೆಗೆದು ಗಾಳಿಯಲ್ಲಿ ಚಾಚಿದ. ನನ್ನ ಕೈ ಎಲ್ಲಿದೆ ಎಂದೂ ಅವನಿಗೆ ಗೊತ್ತಾಗುತ್ತಿರಲಿಲ್ಲ.

ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬರುವುದಿಲ್ಲ ಎಂದರು ದಾವಣಗೆರೆಯ ಡಾಕ್ಟರು. ಕಾರು ಮಾರಲು ಅಪ್ಪ ಒಪ್ಪಲಿಲ್ಲ. ಹೋಗಲಿ ಎಂದು ನಾನೇ ಕಲಿತೆ, ಈ ವಯಸ್ಸಿನಲ್ಲಿ. ಈಗಲೂ ಕಾರಿನಲ್ಲಿ ಕೂರುವ ಮುಂಚೆ ಎರಡು ಸಲ ಬಚ್ಚಲಿಗೆ ಹೋಗುತ್ತೇನೆ. ಹಳೆ ಕಾರಿನವರು ಈಗಲೂ ಎರಡು ಹಾರ್ನ್ ಹೊಡೆದು ಬದಿಗೆ ನಿಲ್ಲುತ್ತಾರೆ. ಸ್ಟೀರಿಂಗಿನಿಂದ ಕೈ ತೆಗೆಯುವ ಧೈರ್ಯ ನನಗಿಲ್ಲ. ಎಡಗಡೆ ಕೂತ ಅಪ್ಪನೇ ಕೈ ಎತ್ತುತ್ತಾನೆ.

ಮುದುಕಿಗೆ ಹೊಸ ಮೊರ ಕೊಟ್ಟು ಬಂದಿದ್ದೆ. ಈ ವರ್ಷವೂ ಅವಳು ಅದೇ ಜಾಗದಲ್ಲಿ ಕಾಳು ಹರವಿದ್ದಾಳೆ. ಮೊನ್ನೆ ಆ ತಿರುವು ಬಂದಾಗ ಅಪ್ಪ ಕೇಳಿದ:

"ಆಕಿ ಅದಾಳನು?"

"ಅದಾಳ. ಕೈ ಎತ್ತು."

ಅಪ್ಪ ಎಡಗೈಯನ್ನು ಮೊಣಕೈವರೆಗೆ ಹೊರಗೆ ಚಾಚಿ, ಅಂಗೈ ಬಿಚ್ಚಿ ಎತ್ತಿದ. ನಮ್ಮ ಇಂಜಿನ್ನಿನ ಸದ್ದು ಕೇಳಿದಾಗಲೇ ಅವಳು ಮೊರ ಎದೆಗೆ ಅವಚಿಕೊಂಡು ಹೊಲಕ್ಕೆ ಇಳಿದಿದ್ದಳು. ನಾವು ಪೂರ್ತಿ ದಾಟುವವರೆಗೂ ರಸ್ತೆಗೆ ಬರಲಿಲ್ಲ.

"ಎತ್ತಿದ್ಲಾ?" ಎಂದ ಅಪ್ಪ.

"ಹ್ಞೂ, ಎತ್ತಿದ್ಲು" ಎಂದೆ.